ಕಾಯಕ ಬಿಟ್ಟು ಕಯಾಕ್ ಏರಿದೆವು



ಘಟ್ಟದ ಮೇಲಿನ ನೆಂಟರು ಬಂದರೆ ನಮ್ಮನ್ನು ನೋಡಿ ಹೇಳುವ ಮೊದಲ ಮಾತು, "ನಿಮಗೇನಮ್ಮ, ಮಂಗಳೂರಿನವರು, ಎಲ್ಲಿ ನೋಡಿದರೂ ನೀರು!" ಎಂದು. ನೀರೇನೋ ಇದೆ. ಕಡಲು ಒಂದಾದರೆ ಹೊಳೆ ಎರಡು. ತೆಂಕಿನಿಂದ ನೇತ್ರಾವತಿ, ಬಡಗಿನಿಂದ ಫಲ್ಗುಣಿ. ಗುರುಪುರ ಹೊಳೆ ಎಂದು ನಾವು ಕರೆಯುವುದು ಇದನ್ನೇ. ಎರಡೂ ಹಳೆ ಬಂದರಿನ ಹತ್ತಿರ ಕೂಡಿ ಅಳಿವೆಯಲ್ಲಿ ಕಡಲಿಗೆ ಸೇರುತ್ತವೆ. ಆದರೆ ನನ್ನಂಥ ಗೃಹಿಣಿಗೆ ಈ ಹೊಳೆಗಳ ದರ್ಶನ ಆಗುವುದು ಬಸ್ಸಿನ ಕಿಟಕಿಯಿಂದ ಮಾತ್ರ. ಕೂಳೂರು ಸಂಕದ ಮೇಲೆ ಅರ್ಧ ನಿಮಿಷ, ಉಳ್ಳಾಲ ಸಂಕದ ಮೇಲೆ ಒಂದು ನಿಮಿಷ. ತುಂಬೆ ಅಣೆಕಟ್ಟಿನಿಂದ ನಲ್ಲಿಗೆ ಬರುವ ನೇತ್ರಾವತಿಯಲ್ಲಿ ಅಕ್ಕಿ ತೊಳೆಯುತ್ತೇವೆ, ಪಾತ್ರೆ ಬೆಳಗುತ್ತೇವೆ. ಅಲ್ಲಿಗೆ ಹೊಳೆಯ ನಂಟು ಮುಗಿಯಿತು.

ನಮ್ಮ ಅತ್ತೆಯವರ ಕಾಲ ಹೀಗಿರಲಿಲ್ಲ. ಅವರ ತವರುಮನೆ ಹೊಳೆಬದಿಯಲ್ಲಿ. ಸಂಕ ಬರುವ ಮೊದಲು ಶಾಲೆಗೆ ದೋಣಿ, ಸಂತೆಗೆ ದೋಣಿ, ಮದುವೆ ದಿಬ್ಬಣವೂ ದೋಣಿಯಲ್ಲೇ. 78 ವರ್ಷದ ಅವರಿಗೆ ಈಜು ಬರುತ್ತದೆ. ಅವರ ಇಬ್ಬರು ಸೊಸೆಯಂದಿರಿಗೂ ಬರುವುದಿಲ್ಲ, ಮೊಮ್ಮಕ್ಕಳಲ್ಲಿ ಒಬ್ಬನಿಗೆ ಮಾತ್ರ ಬರುತ್ತದೆ. ಸಂಕ ಬಂತು, ಅನುಕೂಲವಾಯಿತು. ಜತೆಗೆ ಹೆಂಗಸರಿಗೆ ನೀರಿನ ಭಯವೂ ಬಂತು ಎನ್ನಬಹುದು.

ಈ ಪೀಠಿಕೆಯೆಲ್ಲ ಏಕೆಂದರೆ ನಮ್ಮ ಮನೆಯಲ್ಲಿ ಕಳೆದ ಚಳಿಗಾಲದಲ್ಲಿ ನಡೆದ ಒಂದು ಸಾಹಸದ ಕಥೆ ನಿಮಗೆ ಹೇಳಬೇಕಾಗಿದೆ. ಸಾಹಸ ಮಾಡಿದವರು ನನ್ನ ಓರಗಿತ್ತಿ, ಅಂದರೆ ನಮ್ಮ ಭಾವನವರ ಹೆಂಡತಿ. ನಾನು ಅವರನ್ನು ಅಕ್ಕ ಎನ್ನುವುದು. ಪ್ರಾಯ 52. ಹಂಪನಕಟ್ಟೆಯ ಒಂದು ಆಫೀಸಿನಲ್ಲಿ 27 ವರ್ಷದ ಕೆಲಸ. ಬೆಳಿಗ್ಗೆ ಐದೂವರೆಗೆ ಎದ್ದು ತಿಂಡಿ, ಮಧ್ಯಾಹ್ನದ ಬುತ್ತಿ, ಎಂಟೂಕಾಲಿನ ಬಸ್ಸು, ಸಂಜೆ ಸ್ಟೇಟ್‌ಬ್ಯಾಂಕಿನಲ್ಲಿ ತರಕಾರಿ ಹಿಡಿದು ಮತ್ತೆ ಬಸ್ಸು, ಮತ್ತೆ ಒಲೆ. ಮಕ್ಕಳಿಬ್ಬರೂ ಬೆಂಗಳೂರಿಗೆ ಹೋದ ಮೇಲೂ ಗಡಿಯಾರದಲ್ಲಿ ಐದು ನಿಮಿಷದ ಬದಲಾವಣೆಯಿಲ್ಲ. ರಕ್ತದೊತ್ತಡ ನೋಡಿದ ಡಾಕ್ಟರು "ಸ್ವಲ್ಪ ದೇಹಕ್ಕೆ ಕೆಲಸ ಕೊಡಿ" ಎಂದರಂತೆ. ಇದುವರೆಗೆ ಕೊಟ್ಟದ್ದು ಏನು ಎಂದು ಅಕ್ಕ ಅವರನ್ನು ಕೇಳಲಿಲ್ಲ, ನಾನಾದರೆ ಕೇಳುತ್ತಿದ್ದೆ.

ಒಂದು ದಿನ ಉಡುಪಿಯ ಮದುವೆಯಿಂದ ಬರುವಾಗ ಮೂಲ್ಕಿ ಸಂಕದ ಮೇಲೆ ಬಸ್ಸು ನಿಧಾನವಾಯಿತು. ಕೆಳಗೆ ಶಾಂಭವಿ ಹೊಳೆಯಲ್ಲಿ ಹಳದಿ, ಕೆಂಪು ಬಣ್ಣದ ಉದ್ದನೆಯ ಪುಟ್ಟ ದೋಣಿಗಳು. ಒಂದರಲ್ಲಿ ನರೆತ ಕೂದಲಿನ ಹೆಂಗಸೊಬ್ಬಳು ಎರಡು ತುದಿಯ ಹುಟ್ಟು ಹಾಕುತ್ತ ಹೋಗುತ್ತಿದ್ದಳಂತೆ. ಅಕ್ಕ ಮನೆಗೆ ಬಂದು ಮೂರು ದಿನ ಯಾರಲ್ಲೂ ಮಾತೆತ್ತಲಿಲ್ಲ. ನಾಲ್ಕನೆಯ ದಿನ ನಮ್ಮ ಬಿಜೈ ಮನೆಗೆ ಬಂದು ಅತ್ತೆಯವರ ಎದುರು, "ನಾನು ಭಾನುವಾರ ಮೂಲ್ಕಿಗೆ ಹೋಗುತ್ತೇನೆ, ಕಯಾಕ್ ಮಾಡಲಿಕ್ಕೆ" ಎಂದರು.

ನಮ್ಮವರು ಪೇಪರಿನಿಂದ ತಲೆಯೆತ್ತಿ, "ಎಂತ ಅತ್ತಿಗೆ, ಕಾಯಕ ಬಿಟ್ಟು ಕಯಾಕ್ ಹಿಡಿದಿರಾ?" ಎಂದು ನಕ್ಕರು. ಭಾವನವರಿಗೆ ಸಿಟ್ಟೇ ಬಂದಿತ್ತು. ಬೆಂಗಳೂರಿನಿಂದ ಮಗ ಫೋನಿನಲ್ಲಿ, "ಅಮ್ಮ, ಈ ಪ್ರಾಯದಲ್ಲಿ ಇದೆಲ್ಲ ಬೇಕಾ?" ಎಂದನಂತೆ. ನೋಡಿ, ಸಾಹಸಕ್ಕೆ ಹೋಗುವವರು ಮಕ್ಕಳು, ಬೇಡ ಎನ್ನುವವರು ತಾಯಂದಿರು ಎಂದಿತ್ತು. ಈಗ ತಿರುಗಿಬಿಟ್ಟಿದೆ! ಬೇಡವೆನ್ನುತ್ತಾರೆಂದು ನಾವೆಲ್ಲ ಕಾದಿದ್ದ ಅತ್ತೆಯವರು ಮಾತ್ರ ಹೇಳಿದ್ದು ಇಷ್ಟೇ: "ಒಬ್ಬಳೇ ಹೋಗುವುದು ಬೇಡ. ಇವಳನ್ನೂ ಕರಕೊಂಡು ಹೋಗು. ಹಾಗೇ ಬಪ್ಪನಾಡಿಗೆ ಹೋಗಿ ಕೈಮುಗಿದು ಬನ್ನಿ."

ಇವಳು ಅಂದರೆ ನಾನು. ಇಲ್ಲಿ ಒಂದು ಒಳಮಾತು ಹೇಳಬೇಕು. ಹಳೆ ಮನೆ ಮಾರಿ ಪಾಲಾದ ಮೇಲೆ ಅಕ್ಕನಿಗೂ ನನಗೂ ಮಾತು ಬಿಟ್ಟಿರಲಿಲ್ಲ, ಆದರೆ ಆಡುವ ಮಾತನ್ನು ಇಬ್ಬರೂ ತಕ್ಕಡಿಯಲ್ಲಿ ತೂಗಿ ಆಡುತ್ತಿದ್ದೆವು. ಹಬ್ಬಕ್ಕೆ ಹೋಳಿಗೆ ಕಳಿಸುವುದು, ಡಬ್ಬ ವಾಪಸು ಬರುವಾಗ ಖಾಲಿ ಬಾರದಂತೆ ನೋಡಿಕೊಳ್ಳುವುದು, ಎಲ್ಲ ಕ್ರಮ ಪ್ರಕಾರ. ಹದಿನಾಲ್ಕು ವರ್ಷ ಹೀಗೇ ಕಳೆದಿತ್ತು. ಹಾಗಿರುವಾಗ ಇಬ್ಬರೂ ಒಂದೇ ದೋಣಿಯಲ್ಲಿ! ಕೂಡುಕುಟುಂಬದಲ್ಲಿ ಬಾಳಿದವರಿಗೆ ನಾನು ಹೆಚ್ಚು ವಿವರಿಸಬೇಕಾಗಿಲ್ಲ.

ಹೊರಡುವ ಮೊದಲು ಕಯಾಕ್ ಎಂದರೇನು ಎಂದು ಮಗಳ ಹತ್ತಿರ ಮೊಬೈಲಿನಲ್ಲಿ ಹುಡುಕಿಸಿದೆ. ಎಸ್ಸೆಸ್ಸೆಲ್ಸಿವರೆಗೆ ಓದಿದ ನನಗೆ ಅದೂ ಒಂದು ಪಾಠವಾಯಿತು. ಇದು ಉತ್ತರ ಧ್ರುವದ ಹತ್ತಿರ, ಗ್ರೀನ್‌ಲೆಂಡ್, ಕೆನಡಾ ಕಡೆಯ ಇನ್ಯುಯಿಟ್ ಜನರ ದೋಣಿ. ಮರವೇ ಬೆಳೆಯದ ಊರು. ಕಡಲಿನಲ್ಲಿ ತೇಲಿಬಂದ ಕಟ್ಟಿಗೆಯದೋ ತಿಮಿಂಗಿಲದ ಎಲುಬಿನದೋ ಚೌಕಟ್ಟು ಕಟ್ಟಿ, ಅದರ ಮೇಲೆ ಸೀಲ್ ಎಂಬ ಕಡಲಪ್ರಾಣಿಯ ಚರ್ಮ ಹೊಲಿಯುತ್ತಿದ್ದರಂತೆ. ಬೇಟೆಗೆ ಹೋಗುವವರು ಗಂಡಸರು. ಒಂದು ಹನಿ ನೀರು ಒಳಬಾರದ ಹಾಗೆ ಹೊಲಿಗೆ ಹಾಕುವವರು ಹೆಂಗಸರು. ಇನ್ನೊಂದು ದೊಡ್ಡ ದೋಣಿ ಉಮಿಯಾಕ್ ಎಂದು. ಮಕ್ಕಳು, ಮುದುಕರು, ಗಂಟುಮೂಟೆ ಎಲ್ಲ ಹೇರಿಕೊಂಡು ಒಂದೂರಿನಿಂದ ಇನ್ನೊಂದೂರಿಗೆ ಹೋಗುವುದಕ್ಕೆ. ಗ್ರೀನ್‌ಲೆಂಡಿನಲ್ಲಿ ಅದಕ್ಕೆ ಹುಟ್ಟು ಹಾಕುತ್ತಿದ್ದವರು ಹೆಂಗಸರೇ. 'ಹೆಂಗಸರ ದೋಣಿ' ಎಂದೇ ಅದಕ್ಕೆ ಹೆಸರು. ಮನೆ ಹೊತ್ತು ಸಾಗಿಸುವ ಕೆಲಸ ಅಲ್ಲಿಯೂ ನಮಗೇ ಬಂದಿದೆ ನೋಡಿ!

ಈಗಿನ ಕಯಾಕ್‌ಗಳು ಗಟ್ಟಿ ಪ್ಲಾಸ್ಟಿಕ್ಕಿನವು. ನಮ್ಮ ಕಡೆ ಹೊಸಬರಿಗೆ ಕೊಡುವುದು ಒಳಗೆ ಕಾಲು ತೂರಿಸಿ ಕೂರುವಂಥದ್ದಲ್ಲ, ಮೇಲೆಯೇ ಕೂರುವಂಥದ್ದು. ಇದರಲ್ಲಿ ಅಲ್ಲಲ್ಲಿ ತೂತುಗಳಿರುತ್ತವೆ. ನೋಡಿ ಗಾಬರಿಯಾಗಬೇಡಿ, ಒಳಗೆ ಬಿದ್ದ ನೀರು ತಾನೇ ಹೊರಗೆ ಹೋಗಲು ಅವು. ಮಗುಚಿದರೂ ಒಳಗೆ ಸಿಕ್ಕಿಕೊಳ್ಳುವ ಭಯವಿಲ್ಲ.

ಹೊರಡುವುದೆಂದರೆ ಎದ್ದು ನಡೆಯುವುದೇ? ಮನೆ ನಡೆಯಬೇಕಲ್ಲ! ಅದಕ್ಕೆ ನಾನು ಮಾಡಿದ ಉಪಾಯ ಬನ್ಸ್. ಎರಡು ಚೆನ್ನಾಗಿ ಕಳಿತ ಬಾಳೆಹಣ್ಣು ಕಿವುಚಿ, ಅದಕ್ಕೆ ಮೂರು ದೊಡ್ಡ ಚಮಚ ಸಕ್ಕರೆ, ಮೂರು ದೊಡ್ಡ ಚಮಚ ಹುಳಿಬಂದ ಮೊಸರು, ಅರ್ಧ ಚಮಚ ಜೀರಿಗೆ, ಚಿಟಿಕೆ ಉಪ್ಪು, ಕಾಲು ಚಮಚ ಸೋಡಾ. ಇದಕ್ಕೆ ಹಿಡಿಯುವಷ್ಟು, ಸುಮಾರು ಎರಡು ಲೋಟ, ಮೈದಾ ಹಾಕಿ ಮೆತ್ತಗೆ ನಾದಿ, ಮೇಲೆ ಎಣ್ಣೆ ಸವರಿ ರಾತ್ರಿಯೇ ಮುಚ್ಚಿಟ್ಟೆ. ನೀರು ಹಾಕಲೇಬಾರದು. ಬೆಳಿಗ್ಗೆ ಪೂರಿಗಿಂತ ದಪ್ಪಗೆ ಲಟ್ಟಿಸಿ ಮಧ್ಯಮ ಉರಿಯಲ್ಲಿ ಕರಿದರಾಯಿತು. ಉರಿ ಜಾಸ್ತಿಯಾದರೆ ಮೇಲೆ ಕಪ್ಪು, ಒಳಗೆ ಹಸಿ. ಐದು ಗಂಟೆಗೆ ಎದ್ದು ಹದಿನೈದು ಬನ್ಸ್ ಕರಿದು, ಚಟ್ನಿ ಕಡೆದಿಟ್ಟು, ಆರಕ್ಕೆ ಮನೆ ಬಿಟ್ಟೆವು. ಕರಿಯುವ ಕೆಲಸವನ್ನೂ ನಮ್ಮವರಿಗೆ ಬಿಡಬಹುದಿತ್ತು ಎಂದು ಅಕ್ಕ ಬಸ್ಸಿನಲ್ಲಿ ಹೇಳಿದರು. ಎರಡನೆಯ ಸಲ ಹಾಗೇ ಮಾಡಿದೆ. ಆಕಾರ ಭೂಪಟದ ಹಾಗಿತ್ತಂತೆ, ಆದರೆ ಒಂದೂ ಉಳಿದಿರಲಿಲ್ಲ.

ಮೂಲ್ಕಿ ಮಂಗಳೂರಿನಿಂದ ಬಡಗಿಗೆ ಸುಮಾರು 30 ಕಿಲೋಮೀಟರು. ಶಾಂಭವಿಯೂ ನಂದಿನಿಯೂ ಸಸಿಹಿತ್ಲಿನ ಹತ್ತಿರ ಸೇರಿ ಕಡಲಿಗೆ ಬೀಳುತ್ತವೆ. ಅಲೆಯ ಮೇಲೆ ಹಲಗೆಯಲ್ಲಿ ನಿಂತು ಜಾರುವ ಸರ್ಫಿಂಗ್ ಆಟಕ್ಕೆ ಈಗ ಈ ಊರು ಹೆಸರುವಾಸಿ. 2016ರಲ್ಲಿ ಸಸಿಹಿತ್ಲಿನಲ್ಲಿ ದೇಶದ ದೊಡ್ಡ ಸ್ಪರ್ಧೆಯೂ ನಡೆಯಿತು. ಅಲೆಯ ಆಟ ಹುಡುಗರಿಗಿರಲಿ. ಅಲೆಯಿಲ್ಲದ ಹೊಳೆಯ ಹಿನ್ನೀರು ನಮ್ಮಂಥವರಿಗೆ.

ಹೊಳೆಬದಿಯಲ್ಲಿ ಕಲಿಸುವ ಹುಡುಗ ನನ್ನ ಮಗನ ಪ್ರಾಯದವನು. ಮೊದಲು ಲೈಫ್‌ಜಾಕೆಟ್ ತೊಡಿಸಿದ. ಎಲ್ಲ ಪಟ್ಟಿ ಬಿಗಿದ ಮೇಲೆ ಹೆಗಲ ಹತ್ತಿರ ಹಿಡಿದು ಮೇಲಕ್ಕೆ ಎಳೆದು ನೋಡಿದ. ಅದು ಕಿವಿಯವರೆಗೆ ಬಂದರೆ ಸಡಿಲ, ಅಂಥದ್ದು ನೀರಿನಲ್ಲಿ ಉಪಯೋಗಕ್ಕೆ ಬಾರದು. "ಆಂಟಿ, ಎರಡು ಜನರ ಕಯಾಕ್‌ನಲ್ಲಿ ಭಾರ ಹೆಚ್ಚಿರುವವರು ಹಿಂದೆ ಕೂರಬೇಕು" ಎಂದು ಇಬ್ಬರ ಮುಖವನ್ನೂ ನೋಡಿದ. ಒಂದು ಗಳಿಗೆ ಯಾರೂ ಮಾತಾಡಲಿಲ್ಲ. ಕೊನೆಗೆ ಅಕ್ಕನೇ, "ನಾನೇ ಮಾರಾಯ, ಅದರಲ್ಲಿ ಕೇಳುವುದೆಂತ" ಎಂದು ಹಿಂದೆ ಹೋಗಿ ಕೂತರು. ಮುಂದಿನವಳು ಹುಟ್ಟಿನ ತಾಳ ಹಿಡಿಯಬೇಕು, ಹಿಂದಿನವಳು ಆ ತಾಳಕ್ಕೆ ಸರಿಯಾಗಿ ಹಾಕುತ್ತ ದಿಕ್ಕು ತಿರುಗಿಸಬೇಕು. ಇಬ್ಬರೂ ಒಂದೇ ಬದಿಗೆ, ಒಂದೇ ಹೊತ್ತಿಗೆ. ಇಲ್ಲದಿದ್ದರೆ ಹುಟ್ಟಿಗೆ ಹುಟ್ಟು ಬಡಿದು ಟಕ್ ಎನ್ನುತ್ತದೆ. ಮೊದಲ ಹತ್ತು ನಿಮಿಷ ನಮ್ಮ ದೋಣಿಯಿಂದ ಬರೀ ಟಕ್ ಟಕ್.

ಕೈಯಿಂದ ಎಳೆಯಬಾರದು, ಸೊಂಟದಿಂದ ತಿರುಗಬೇಕು ಎಂದು ಹುಡುಗ ಕೂಗುತ್ತಿದ್ದ. ಅರ್ಥವಾದದ್ದು ಅಕ್ಕ, "ಏ, ಕಡಗೋಲಿನ ಹಗ್ಗ ಎಳೆದ ಹಾಗೆ ಮಾರಾಯ್ತಿ!" ಎಂದಾಗ. ಹೌದಲ್ಲ! ಕಂಬಕ್ಕೆ ಕಟ್ಟಿದ ಕಡಗೋಲಿನಲ್ಲಿ ಮಜ್ಜಿಗೆ ಕಡೆಯುವಾಗ ಬಲಗೈ, ಎಡಗೈ, ಜತೆಗೆ ಸೊಂಟ ತಿರುಗುವುದು. ಅದೇ ಲಯ. ಹಳೆ ಮನೆಯಲ್ಲಿ ಇಬ್ಬರೂ ಸರದಿಯಲ್ಲಿ ಕಡೆದವರೇ. ಅಲ್ಲಿಂದ ದೋಣಿ ನೆಟ್ಟಗೆ ಹೋಯಿತು.

ಎರಡು ಬದಿಗೂ ತೆಂಗು. ನಡುವೆ ಕುದ್ರುಗಳು. ದಡದಲ್ಲಿ ಕಾಂಡ್ಲಾ ಗಿಡಗಳ ಬೇರು ಬೆರಳಿನ ಹಾಗೆ ಕೆಸರಿಗೆ ಇಳಿದಿವೆ. ಅದರ ಬುಡದಲ್ಲಿ ಮೀನಿನ ಮರಿ, ಏಡಿ. ಮಿಂಚುಳ್ಳಿ ಒಂದು ನಮ್ಮ ಮುಂದೆಯೇ ನೀರಿಗೆ ಬಿದ್ದು ಮೀನು ಎತ್ತಿಕೊಂಡು ಹೋಯಿತು. ಸದ್ದೇ ಇಲ್ಲ. ಕುಕ್ಕರಿನ ಸೀಟಿಯಿಲ್ಲ, ಮಿಕ್ಸಿಯಿಲ್ಲ, ಕೆಳಗಿನ ಮನೆಯ ಟೀವಿಯಿಲ್ಲ. ತಲೆಯ ಮೇಲೆ ಗರುಡ ಸುತ್ತುತ್ತಿತ್ತು. ಗರುಡ ಕಂಡರೆ ಕೈಮುಗಿಯದೆ ಇರಲಿಕ್ಕಾಗುತ್ತದೆಯೇ? ಅಕ್ಕ ಹುಟ್ಟು ಬಿಟ್ಟು ಕೈಮುಗಿದರು, ಹುಟ್ಟು ತೇಲಿಕೊಂಡು ಹೋಯಿತು. ಹುಡುಗ ನಗುತ್ತ ತಂದುಕೊಟ್ಟ.

ಈ ದೋಣಿಯಲ್ಲಿ ಒಂದು ವಿಶೇಷ. ಮುಂದೆ ಕೂತವಳಿಗೆ ಹಿಂದಿನವಳ ಮುಖ ಕಾಣುವುದಿಲ್ಲ, ಹಿಂದಿನವಳಿಗೆ ಮುಂದಿನವಳ ಬೆನ್ನು ಮಾತ್ರ. ಕುದ್ರುವಿನ ಒಂದು ಬದಿಯಲ್ಲಿ ಹುಟ್ಟು ಎತ್ತಿಟ್ಟು ದಣಿವು ಆರಿಸಿಕೊಳ್ಳುತ್ತಿದ್ದೆವು. ಅಕ್ಕ ಹಿಂದಿನಿಂದ ಮೆಲ್ಲಗೆ, "ಮನೆ ಮಾರುವಾಗ ನನ್ನನ್ನು ಯಾರೂ ಒಂದು ಮಾತು ಕೇಳಲಿಲ್ಲ ಗೊತ್ತುಂಟಾ? ಕಾಗದಕ್ಕೆ ಇವರು ಸೈನು ಹಾಕಿಯಾದ ಮೇಲೆ ನನಗೆ ಹೇಳಿದ್ದು. ಆ ಬಾವಿಕಟ್ಟೆ ಈಗಲೂ ಕನಸಿನಲ್ಲಿ ಬರುತ್ತದೆ" ಎಂದರು. ಮಾರಿಸಿದ್ದೇ ಅಕ್ಕ ಎಂದು ನಮ್ಮ ಮನೆಯಲ್ಲಿ ಹದಿನಾಲ್ಕು ವರ್ಷದಿಂದ ನಡೆದುಬಂದ ಮಾತು. ನನಗೆ ತಿರುಗಿ ನೋಡಲಿಕ್ಕಾಗಲಿಲ್ಲ, ತಿರುಗಿದರೆ ದೋಣಿ ಅಲುಗುತ್ತದೆ. "ನನ್ನನ್ನೂ ಕೇಳಲಿಲ್ಲ ಅಕ್ಕ" ಎಂದೆ. ಮುಖಕ್ಕೆ ಮುಖ ಕೊಟ್ಟು ಊಟದ ಮನೆಯಲ್ಲಿ ಕೂತಿದ್ದರೆ ಈ ಎರಡು ಮಾತು ಇನ್ನೂ ಹದಿನಾಲ್ಕು ವರ್ಷ ಹೊರಬರುತ್ತಿರಲಿಲ್ಲ ಎಂದೇ ನನ್ನ ಎಣಿಕೆ.

ಬರುವಾಗ ಇಳಿತ ಶುರುವಾಗಿತ್ತು. ಹೊಳೆಯ ನಡುವೆ ನಮ್ಮ ದೋಣಿ ಗರಕ್ ಎಂದು ಮರಳಿನ ದಿಬ್ಬಕ್ಕೆ ತಾಗಿ ನಿಂತಿತು. "ಬಪ್ಪನ ಹಡಗು ನಿಂತ ಹಾಗಾಯಿತಲ್ಲ!" ಎಂದರು ಅಕ್ಕ. ಕಥೆ ನಿಮಗೆ ಗೊತ್ತಿರಬಹುದು. ಬಪ್ಪ ಎಂಬ ಬ್ಯಾರಿ ವ್ಯಾಪಾರಿಯ ಹಡಗು ಇದೇ ಶಾಂಭವಿಯಲ್ಲಿ ತಟ್ಟನೆ ನಿಂತಿತಂತೆ, ಕನಸಿನಲ್ಲಿ ದುರ್ಗೆ ಬಂದು ಗುಡಿ ಕಟ್ಟಿಸೆಂದಳಂತೆ. ಹಾಗೆ ಮುಸಲ್ಮಾನ ವ್ಯಾಪಾರಿಯ ಹೆಸರಿನಲ್ಲಿ ಬಪ್ಪನಾಡು ದುರ್ಗಾಪರಮೇಶ್ವರಿ. ನಮ್ಮ ಕನಸಿಗೆ ಯಾರೂ ಬರುವ ಹೊತ್ತಿರಲಿಲ್ಲ. ಹತ್ತಿರದಲ್ಲಿ ನಾಲ್ಕೈದು ಹೆಂಗಸರು ಸೊಂಟದವರೆಗಿನ ನೀರಿನಲ್ಲಿ ನಿಂತು ಮರುವಾಯಿ ಹೆಕ್ಕುತ್ತಿದ್ದರು. ಕಾಲಿನಲ್ಲೇ ತಡಕಿ ಚಿಪ್ಪು ಎತ್ತಿ, ತೇಲುವ ಪಾತ್ರೆಗೆ ಹಾಕುವುದು. ಅವರಲ್ಲಿ ಒಬ್ಬಳು, ನನಗಿಂತ ಹತ್ತು ವರ್ಷ ದೊಡ್ಡವಳಿರಬೇಕು, "ಇಳಿಯಿರಿ ಅಮ್ಮ, ಮೊಣಕಾಲಿನಷ್ಟು ನೀರೂ ಇಲ್ಲ" ಎಂದು ತುಳುವಿನಲ್ಲಿ ಹೇಳಿ ದೋಣಿಯ ಮೂತಿ ಹಿಡಿದು ಎಳೆದಳು. ಆಮೇಲೆ, "ಇದಕ್ಕೆ ನೀವು ಎಷ್ಟು ಕೊಟ್ಟದ್ದು?" ಎಂದಳು. ನಾನು ಹೇಳಿದೆ. "ನಮಗೆ ಹೊಳೆ ದುಡ್ಡು ಕೊಡುತ್ತದೆ, ನೀವು ಹೊಳೆಗೆ ದುಡ್ಡು ಕೊಡುತ್ತೀರಿ" ಎಂದು ಎಲ್ಲರೂ ನಕ್ಕರು. ನಾವೂ ನಕ್ಕೆವು. ಆದರೆ ನಮ್ಮ ಸಾಹಸ ಎಷ್ಟರದು ಎಂಬ ಲೆಕ್ಕ ಅಲ್ಲಿಯೇ ಆಗಿಹೋಯಿತು. ಆಕೆಗೆ ದಿನಾ ಅದೇ ನೀರು, ಲೈಫ್‌ಜಾಕೆಟ್ ಇಲ್ಲ. ಅಕ್ಕ ದಡದಲ್ಲಿ ಅವಳಿಂದ ಒಂದು ಸೇರು ಮರುವಾಯಿ ಕೊಂಡರು, ಚೌಕಾಸಿ ಮಾಡದೆ. ಅಕ್ಕ ಚೌಕಾಸಿ ಮಾಡದ್ದನ್ನು ನಾನು ನೋಡಿದ್ದು ಅದೇ ಮೊದಲು.

ಅಕ್ಕ ಈಗ ತಿಂಗಳಿಗೆರಡು ಸಲ ಹೋಗುತ್ತಾರೆ, ನಾನು ಒಂದು ಸಲ. "ಈ ಪ್ರಾಯದಲ್ಲಿ" ಎಂದವರಿಗೆ ಹೇಳಲು ಮಗಳು ಒಂದು ವಿಷಯ ಹುಡುಕಿಕೊಟ್ಟಿದ್ದಾಳೆ. ಜರ್ಮನಿಯಲ್ಲಿ ಐಸ್‌ಕ್ರೀಮ್ ಅಂಗಡಿ ನಡೆಸುವ ಫ್ರೇಯಾ ಹಾಫ್‌ಮೈಸ್ಟರ್ ಎಂಬಾಕೆ, ಒಬ್ಬ ಮಗನ ತಾಯಿ, 2009ರಲ್ಲಿ 44ರ ಪ್ರಾಯದಲ್ಲಿ ಹೊರಟು ಇಡೀ ಆಸ್ಟ್ರೇಲಿಯ ಖಂಡವನ್ನು 332 ದಿನಗಳಲ್ಲಿ ಕಯಾಕ್‌ನಲ್ಲಿ ಸುತ್ತಿದಳಂತೆ. ಅದು ಸಾಲದೆಂದು 2011ರಿಂದ 2015ರವರೆಗೆ ದಕ್ಷಿಣ ಅಮೆರಿಕವನ್ನೂ ಸುತ್ತಿದಳು. ಗಡ್‌ಬಡ್ ತಿನ್ನುವ ಊರಿನವರಾದ ನಮಗೆ ಐಸ್‌ಕ್ರೀಮ್ ಅಂಗಡಿಯವಳ ಮೇಲೆ ವಿಶೇಷ ಪ್ರೀತಿ! ಕಾಲುನೋವು ಎನ್ನುವವರಿಗೆ ಗ್ವಾಲಿಯರಿನ ಪ್ರಾಚಿ ಯಾದವ್ ಇದ್ದಾಳೆ. ನಡೆಯಲಿಕ್ಕಾಗದ ಹುಡುಗಿ. 2021ರಲ್ಲಿ ಟೋಕಿಯೊ ಪ್ಯಾರಾಲಿಂಪಿಕ್ಸಿಗೆ ಹೋದಳು, 2023ರಲ್ಲಿ ಏಷ್ಯನ್ ಪ್ಯಾರಾ ಕ್ರೀಡಾಕೂಟದ ಕಯಾಕ್ ಸ್ಪರ್ಧೆಯಲ್ಲಿ ಚಿನ್ನ ಗೆದ್ದಳು. ಕೂತು ಮಾಡುವ ಕೆಲಸವಾದ್ದರಿಂದ ಮಂಡಿನೋವಿನವರಿಗೆ ಕಷ್ಟವಾಗುವುದು ಹತ್ತುವಾಗ, ಇಳಿಯುವಾಗ ಮಾತ್ರ. ಆಗ ಕೈ ಹಿಡಿಯಲು ಜನ ಬೇಕು. ಭುಜದ ಸಂದು ಹಿಡಿದವರು, ಬೆನ್ನುಹುರಿಯ ತೊಂದರೆಯವರು, ಹೃದಯದ ಔಷಧಿ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳದೆ ಹೋಗಬಾರದು.

ಉಡುಪಿನ ವಿಷಯ ಕೇಳುತ್ತೀರೆಂದು ಗೊತ್ತು. ಸೀರೆ ಬೇಡವೇ ಬೇಡ, ಒದ್ದೆಯಾದರೆ ಕಾಲಿಗೆ ಸುತ್ತಿಕೊಳ್ಳುತ್ತದೆ. ದುಪಟ್ಟಾ ಇಲ್ಲದ ಚೂಡಿದಾರ, ಬೇಗ ಒಣಗುವ ಬಟ್ಟೆಯದು. ಹತ್ತಿಯದಾದರೆ ನೀರು ಹಿಡಿದು ಭಾರವಾಗುತ್ತದೆ. ಮೇಲೆ ಹೇಗೂ ಜಾಕೆಟ್ ಇರುತ್ತದೆ, ಸಂಕೋಚಕ್ಕೆ ಎಡೆಯಿಲ್ಲ. ಬಳೆ ತೆಗೆದಿಡಿ. ಕರಿಮಣಿಯನ್ನು ಒಳಗೆ ಸೇರಿಸಿ. ಕನ್ನಡಕಕ್ಕೆ ದಾರ ಕಟ್ಟಿ. ತಲೆಗೊಂದು ಟೊಪ್ಪಿ, ಒಣ ಬಟ್ಟೆಯ ಇನ್ನೊಂದು ಜತೆ, ಬಾಟಲಿ ನೀರು. ಮರುದಿನ ತೋಳು, ಪಕ್ಕೆ ನೋಯುತ್ತದೆ. ಬಿಸಿನೀರು ಸಾಕು.

ಹಣಕ್ಕಿಂತ ಮೊದಲು ಕೇಳಬೇಕಾದದ್ದು ನೀರಿನ ಹೊತ್ತು. ಅಳಿವೆಗೆ ಹತ್ತಿರದ ಹೊಳೆಗಳಲ್ಲಿ ದಿನಕ್ಕೆ ಎರಡು ಭರತ, ಎರಡು ಇಳಿತ. ಒಂದರಿಂದ ಇನ್ನೊಂದಕ್ಕೆ ಸುಮಾರು ಆರು ಗಂಟೆ. ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ಹಿಂದೆ ಬೀಳುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಏರುವುದೂ ಜೋರು, ಇಳಿಯುವುದೂ ಜೋರು. ಇದಕ್ಕೆ ನಮ್ಮ ಅಡುಗೆಮನೆಯ ಗೋಡೆಯ ಕ್ಯಾಲೆಂಡರೇ ಸಾಕು. ಇಳಿತದಲ್ಲಿ ನೀರು ಅಳಿವೆಯ ಕಡೆಗೆ ಎಳೆಯುತ್ತದೆ, ಆ ಬದಿಗೆ ಹೊಸಬರು ಹೋಗಲೇಬಾರದು. ಮಳೆಗಾಲದ ನಾಲ್ಕು ತಿಂಗಳು ಹೊಳೆಯ ಹತ್ತಿರವೂ ಬೇಡ. ಯಂತ್ರದ ದೋಣಿಗಳೇ ಜೂನ್, ಜುಲೈಯಲ್ಲಿ ಕಡಲಿಗಿಳಿಯುವುದಿಲ್ಲ, ನಮ್ಮದೇನು! ಜಾಕೆಟ್ ಕೊಡದೆ "ನೀರು ಆಳವಿಲ್ಲ, ಪರವಾಗಿಲ್ಲ" ಎನ್ನುವವರಿದ್ದರೆ ಅಲ್ಲಿಂದಲೇ ತಿರುಗಿ ಬನ್ನಿ. ಜಾಕೆಟ್ ಇದ್ದರೆ ಈಜು ಬಾರದವರೂ ಕೂರಬಹುದು. ಆದರೂ ಈಜು ಕಲಿಯುವುದೇ ಸರಿ. ಅಕ್ಕ ಈಗ ಲೇಡಿಹಿಲ್‌ನ ಈಜುಕೊಳದಲ್ಲಿ ಹೆಂಗಸರ ಹೊತ್ತು ಯಾವುದೆಂದು ವಿಚಾರಿಸುತ್ತಿದ್ದಾರೆ.

ಮೂಲ್ಕಿ ದೂರವಾಗುವವರಿಗೆ ಉಡುಪಿಯಾಚೆ ಸಾಲಿಗ್ರಾಮದ ಪಾರಂಪಳ್ಳಿಯಲ್ಲಿ ಕಾಂಡ್ಲಾ ವನದ ನಡುವೆ ಕಯಾಕ್ ಇದೆ. ಉತ್ತರ ಕನ್ನಡದವರಿಗೆ ದಾಂಡೇಲಿಯಲ್ಲಿ ಕಾಳಿ ಹೊಳೆ. ಅಲ್ಲಿ ನೀರಿನ ಸೆಳೆತ ಜೋರಿರುವ ಜಾಗಗಳಿವೆ, ಸಮ ನೀರಿನಲ್ಲಿ ಮಾತ್ರ ಎಂದು ಮೊದಲೇ ಹೇಳಿ. ಜತೆಗೆ ಒಬ್ಬರನ್ನು ಕರೆದುಕೊಂಡು ಹೋಗಿ. ನಾನಾದರೆ ಓರಗಿತ್ತಿಯನ್ನೇ ಎನ್ನುತ್ತೇನೆ, ನಿಮ್ಮ ಮನೆಯ ಲೆಕ್ಕ ನಿಮಗೆ ಗೊತ್ತು. ಭಾರದವರು ಹಿಂದೆ ಕೂರಬೇಕೆಂಬುದನ್ನು ಮಾತ್ರ ಹೊಳೆಬದಿಗೆ ಹೋದ ಮೇಲೆ ಹೇಳಿ, ಬಸ್ಸಿನಲ್ಲಿ ಬೇಡ.